ಕೆರೆಯ ಸುತ್ತ ನಡೆದ ಹೆಜ್ಜೆಗಳ ಲೆಕ್ಕ

(ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ, ಕೆರೆಗಳ ಎಲ್ಲೆಯನ್ನು ನಡೆದು ಗುರುತಿಸುವ ಕಾರ್ಯಕ್ಕೆ ಮುಂದಾದ ಯುವಜನರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ. ಬಯಲುಸೀಮೆಯ ಕೆರೆಯಂಗಳವನ್ನು ಕುರಿತ ಈ ಮಾತುಗಳು ಮಲೆನಾಡಿನ ಸೊಪ್ಪಿನ ಬೆಟ್ಟ, ಗೋಮಾಳ, ದೇವರಕಾಡುಗಳಿಗೂ ಅನ್ವಯಿಸುವುದರಿಂದ ಇಲ್ಲಿ ಪ್ರಕಟಿಸಲಾಗಿದೆ.)



ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ವಿಸ್ತಾರವನ್ನು ಹೇಳುವ ಭಾಷೆಗಳು ಎರಡಿದ್ದವು. ಊರಿನ ನೀರುಗಂಟಿಯ ಭಾಷೆ ಒಂದು. ಕೋಡಿ ಬಿದ್ದ ವರ್ಷ ನೀರು ಯಾವ ಹುಣಸೆಮರದ ಬುಡವನ್ನು ಮುಟ್ಟಿತ್ತು, ತೂಬಿನ ಕಲ್ಲು ಎಷ್ಟು ಮುಳುಗಿತ್ತು, ಯಾರ ಹೊಲದ ಬದುವಿಗೆ ಅಲೆ ಬಡಿಯುತ್ತಿತ್ತು ಎಂಬುದರಲ್ಲಿಯೇ ಆತನ ಅಳತೆ ಅಡಗಿತ್ತು. ಕಚೇರಿಯ ಭಾಷೆ ಇನ್ನೊಂದು. ಅದು ಸರ್ವೆ ನಂಬರು, ಎಕರೆ, ಗುಂಟೆಗಳ ಭಾಷೆ. ಪಹಣಿಯಲ್ಲಿ ಸರ್ಕಾರಿ ಕೆರೆ ಎಂದು ಬರೆದ ಸಾಲಿನ ಎದುರಿಗೆ ಒಂದು ಅಂಕಿ ಇರುತ್ತದೆ. ಆ ಅಂಕಿ ನೆಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹಾಳೆ ಹೇಳುವುದಿಲ್ಲ. ಈ ಎರಡು ಭಾಷೆಗಳ ನಡುವೆ ದುಭಾಷಿ ಇಲ್ಲದ ಕಾರಣದಿಂದಲೇ ಎಷ್ಟೋ ಕೆರೆಯಂಗಳಗಳು ವರ್ಷಕ್ಕೆ ನಾಲ್ಕು ನೇಗಿಲಸಾಲಿನಂತೆ ಸದ್ದಿಲ್ಲದೆ ಕಿರಿದಾದವು. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆಯೆಂದು ಹೇಳುವ ರೂಢಿಯಿದೆ. ಅವುಗಳಲ್ಲಿ ಎಷ್ಟು ಕೆರೆಗಳು ದಾಖಲೆಯಲ್ಲಿರುವಷ್ಟೇ ಅಗಲವಾಗಿ ನೆಲದ ಮೇಲೂ ಉಳಿದಿವೆ ಎಂಬ ಪ್ರಶ್ನೆಗೆ ಆಯಾ ಊರಿನವರೇ ಉತ್ತರ ಹುಡುಕಬೇಕಾಗಿದೆ.

ಈಗ ಮೂರನೆಯ ಭಾಷೆಯೊಂದು ಊರಿಗೆ ಬಂದಿದೆ. ಅಂಗೈಯಲ್ಲಿ ಹಿಡಿಯುವ ಜಿಪಿಎಸ್ ಉಪಕರಣ ಅಕ್ಷಾಂಶ, ರೇಖಾಂಶಗಳಲ್ಲಿ ಮಾತನಾಡುತ್ತದೆ. ಅದರ ಮಾತನ್ನು ಎಕರೆ ಗುಂಟೆಗಳಿಗೆ ತರುವ ಕೆಲಸ ಗಣಕಯಂತ್ರದ್ದು. ಈ ಉಪನ್ಯಾಸದ ವಿಷಯ ಉಪಕರಣವಲ್ಲ. ಉಪಕರಣದಿಂದ ಇಳಿಸಿಕೊಂಡ ಕಡತಕ್ಕೆ ಗಣಕದ ಮೇಜಿನ ಮೇಲೆ ಏನಾಗುತ್ತದೆ ಎಂಬುದು. ಕೆರೆಯ ಸುತ್ತ ಬಿಸಿಲಿನಲ್ಲಿ ನಡೆದವರ ಶ್ರಮ ಉಳಿಯುವುದೂ ಕೆಡುವುದೂ ಅಲ್ಲಿಯೇ.

ಉಪಕರಣದ ಬಗ್ಗೆ ಎರಡು ಮಾತು ಸಾಕು. ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಗೆಂದು ಹಾರಿಸಿದವು. ನಾಗರಿಕರ ಬಳಕೆಗೆ ಬರುವ ಸಂಕೇತವನ್ನು ಅವರು ಬೇಕೆಂದೇ ಮಂಕು ಮಾಡಿ ಕಳುಹಿಸುತ್ತಿದ್ದರು. ಆಗ ನೂರು ಮೀಟರಿನವರೆಗೆ ದೋಷ ಸಾಮಾನ್ಯವಾಗಿತ್ತು. ನೂರು ಮೀಟರು ಆಚೀಚೆ ಹೇಳುವ ಯಂತ್ರವನ್ನು ಹಿಡಿದು ಊರ ಕೆರೆಯನ್ನು ಸುತ್ತುವುದು ವ್ಯರ್ಥ. 2000ದ ಮೇ 2ರಂದು ಆ ಮಂಕು ತೆಗೆದರು. ದೋಷ ಹತ್ತು ಹದಿನೈದು ಮೀಟರಿಗೂ, ಮುಂದಿನ ವರ್ಷಗಳ ಉಪಕರಣಗಳಲ್ಲಿ ಬಯಲಿನಲ್ಲಿ ಮೂರರಿಂದ ಐದು ಮೀಟರಿಗೂ ಇಳಿಯಿತು. ಗಾರ್ಮಿನ್ ಕಂಪನಿಯ ಇಟ್ರೆಕ್ಸ್‌ನಂತಹ ಪುಟ್ಟ ಉಪಕರಣಗಳು ಪರಿಸರ ಕಾರ್ಯಕರ್ತರ ಚೀಲ ಸೇರಿದ್ದು ಆ ಬಳಿಕ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ತಮ್ಮ ದೇವರ ತಾಣಗಳನ್ನು ಏಟ್ರೀ ಸಂಸ್ಥೆಯ ಸಂಶೋಧಕರೊಂದಿಗೆ ನಡೆದು, ಇಂಥದೇ ಉಪಕರಣದಿಂದ ನೂರಾರು ಬಿಂದುಗಳನ್ನು ಗುರುತಿಸಿ ನಕ್ಷೆ ಮಾಡಿದರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತಾಗ ಆ ನಕ್ಷೆಯ ಬೆಲೆ ಎಲ್ಲರಿಗೂ ತಿಳಿಯಿತು. ಈಚೆಗೆ ಅದೇ ಕೆಲಸವನ್ನು ಮೊಬೈಲ್ ಫೋನುಗಳೂ ಮಾಡುತ್ತವೆ. ಯಂತ್ರ ಯಾವುದಾದರೂ ಕಡತದ ಸ್ವಭಾವ ಒಂದೇ.

ಆ ಕಡತವನ್ನು ಒಮ್ಮೆ ತೆರೆದು ನೋಡಿದರೆ ಭಯ ಹೋಗುತ್ತದೆ. ಜಿಪಿಎಕ್ಸ್ ಎಂಬ ಹೆಸರಿನ ಈ ಬಗೆಯ ಕಡತದಲ್ಲಿ ಗುಪ್ತವಾದುದು ಏನೂ ಇಲ್ಲ. ಅದು ಬರಿಯ ಅಕ್ಷರ ಮತ್ತು ಅಂಕಿ. ಒಂದೊಂದು ಬಿಂದುವಿಗೂ ಅಕ್ಷಾಂಶ, ರೇಖಾಂಶ, ಎತ್ತರ, ಕಾಲ ಇಷ್ಟು ಬರೆದಿರುತ್ತದೆ. ಸೆಕೆಂಡಿಗೊಂದು ಬಿಂದುವಿನಂತೆ ಒಂದು ಗಂಟೆ ನಡೆದರೆ 3600 ಬಿಂದುಗಳಾದವು. ಇಷ್ಟನ್ನು ಕೈಯಲ್ಲಿ ಕೂಡಿ ಕಳೆಯಲಾಗದು. ಆದುದರಿಂದ ಸ್ಕ್ರಿಪ್ಟ್ ಬೇಕಾಗುತ್ತದೆ. ಸ್ಕ್ರಿಪ್ಟ್ ಎಂದರೆ ಗಣಕಕ್ಕೆ ಬರೆದುಕೊಡುವ ಆಜ್ಞೆಗಳ ಪಟ್ಟಿ. ಮೊದಲು ಇದನ್ನು ಮಾಡು, ಬಳಿಕ ಅದನ್ನು ಮಾಡು, ಇಂಥ ಬಿಂದು ಕಂಡರೆ ಬಿಡು ಎಂದು ಹೇಳುವ ಹತ್ತು ಮೂವತ್ತು ಸಾಲು. ಇದಕ್ಕೆ ದುಬಾರಿ ತಂತ್ರಾಂಶ ಬೇಡ. ಉಪಕರಣದಿಂದ ಕಡತವನ್ನು ಇಳಿಸಿಕೊಂಡು ಬೇರೆ ಬೇರೆ ರೂಪಗಳಿಗೆ ತಿರುಗಿಸಲು ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶವಿದೆ. ಸಾಲು ಸಾಲಾಗಿ ಓದಿ ಲೆಕ್ಕ ಹಾಕಲು 1977ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಆಕ್ ಭಾಷೆಯೇ ಸಾಕು. ಪೈಥಾನ್ ಬಲ್ಲವರಿಗೆ ಅದು. ಶಾಲೆಯೊಂದು ಬದಿಗಿಟ್ಟ ಹಳೆಯ ಗಣಕವೂ ಈ ಕೆಲಸಕ್ಕೆ ಧಾರಾಳ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪರದೆಯ ಮೇಲೆ ಕೆರೆಯ ಚಿತ್ರ ತೋರಿಸಿ, ಇಲಿಯನ್ನು ಒತ್ತಿದ ಕೂಡಲೇ ಎಕರೆ ಹೇಳುವ ತಂತ್ರಾಂಶಗಳಿರುವಾಗ ಸ್ಕ್ರಿಪ್ಟ್ ಬರೆಯುವ ಕಷ್ಟವೇಕೆ? ಉತ್ತರ ಭೂಮಾಪನದ ಇತಿಹಾಸದಲ್ಲಿದೆ, ಮತ್ತು ಆ ಇತಿಹಾಸ ಈ ನೆಲದ್ದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ತೊಡಗಿದನು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ತನ್ನ ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. ಮುಂದೆ ಇಡೀ ದೇಶವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ ಕಂಪ್ಯೂಟರ್ ಎಂಬುದು ಯಂತ್ರದ ಹೆಸರಾಗಿರಲಿಲ್ಲ, ಲೆಕ್ಕ ಹಾಕುವ ನೌಕರನ ಹುದ್ದೆಯಾಗಿತ್ತು. 1831ರಲ್ಲಿ ಆ ಹುದ್ದೆಗೆ ಸೇರಿದ ಬಂಗಾಳದ ರಾಧಾನಾಥ ಸಿಕ್ದಾರ್ ಮುಖ್ಯ ಕಂಪ್ಯೂಟರ್ ಆದವರು. ಬಯಲಿನಲ್ಲಿ ಅಳೆದವರು ತಮ್ಮ ಕ್ಷೇತ್ರಪುಸ್ತಕದ ಅಂಕಿಯನ್ನು ಉಜ್ಜಿ ಅಳಿಸುವಂತಿರಲಿಲ್ಲ. ತಪ್ಪಾಗಿದ್ದರೆ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಲೆಕ್ಕವನ್ನು ಇನ್ನೊಬ್ಬನು ಅದೇ ಅಂಕಿಗಳಿಂದ ಪುನಃ ಹಾಕಿ ನೋಡಲು ಸಾಧ್ಯವಿರಬೇಕು. ಇಲಿಯ ಒತ್ತುಗಳು ಯಾವ ಕುರುಹನ್ನೂ ಬಿಡುವುದಿಲ್ಲ. ಯಾವ ಬಿಂದುವನ್ನು ಎಳೆದು ಸರಿಸಿದರು, ಯಾವುದನ್ನು ಅಳಿಸಿದರು ಎಂಬುದು ಅಂದು ಸಂಜೆ ಕುಳಿತವನ ನೆನಪಿನಲ್ಲಿ ಮಾತ್ರ ಉಳಿಯುತ್ತದೆ. ಸ್ಕ್ರಿಪ್ಟ್ ಹಾಗಲ್ಲ, ಅದು ಲೆಕ್ಕದ ಜೊತೆಗೆ ಲೆಕ್ಕದ ಕ್ರಮವನ್ನೂ ಉಳಿಸುತ್ತದೆ. ಎದುರು ಪಕ್ಷದವನು ಬಂದು ಇದೇ ಕಡತಕ್ಕೆ ಇದೇ ಆಜ್ಞೆಗಳನ್ನು ಕೊಟ್ಟರೆ ಅದೇ ಗುಂಟೆ ಬರಬೇಕು. ಬಾರದಿದ್ದರೆ ತಪ್ಪು ಎಲ್ಲಿದೆಯೆಂದು ಇಬ್ಬರೂ ಬೆರಳಿಟ್ಟು ತೋರಿಸಬಹುದು.

ಆದರೆ ಸ್ಕ್ರಿಪ್ಟ್ ತಪ್ಪಾಗಿದ್ದರೆ ಅದು ಅಷ್ಟೇ ನಿಷ್ಠೆಯಿಂದ ತಪ್ಪನ್ನೂ ಪ್ರತಿಸಾರಿ ಮಾಡುತ್ತದೆ. ಈ ಕೆಲಸದಲ್ಲಿ ಬಹು ಸಾಮಾನ್ಯವಾದ, ಬಹು ಅಪಾಯಕಾರಿಯಾದ ತಪ್ಪೊಂದನ್ನು ವಿವರವಾಗಿಯೇ ನೋಡಬೇಕು.

ಉಪಕರಣದ ಪರದೆ ಸಾಮಾನ್ಯವಾಗಿ ಅಕ್ಷಾಂಶವನ್ನು ಡಿಗ್ರಿ ಮತ್ತು ಮಿನಿಟುಗಳಲ್ಲಿ ತೋರಿಸುತ್ತದೆ. ಮದ್ದೂರಿನ ಆಸುಪಾಸಿನಲ್ಲಿ ಅದು 12 ಡಿಗ್ರಿ 35 ಮಿನಿಟು ಎಂದು ಹೇಳೀತು. ಎನ್‌ಎಂಇಎ ಎಂಬ ಹಳೆಯ ಬಗೆಯ ಕಡತಗಳೂ ಡಿಗ್ರಿಯ ಹಿಂದೆಯೇ ಮಿನಿಟನ್ನು ಅಂಟಿಸಿ 1235 ಎಂದು ಬರೆಯುತ್ತವೆ. ಹೊಸಬರು ಇದನ್ನು ನೂರರಿಂದ ಭಾಗಿಸಿ 12.35 ಡಿಗ್ರಿ ಎಂದು ತಿಳಿಯುತ್ತಾರೆ. ಡಿಗ್ರಿಗೆ ಮಿನಿಟುಗಳು ಅರವತ್ತು. ಆದುದರಿಂದ ನಿಜವಾದ ಬೆಲೆ 12.583. ಈ ತಪ್ಪನ್ನು ಎಕರೆ ಗುಂಟೆ ಬಲ್ಲ ರೈತನಿಗೆ ವಿವರಿಸುವುದು ಸುಲಭ. 12 ಎಕರೆ 14 ಗುಂಟೆಯನ್ನು ಪಹಣಿ ಓದುವ ಯಾರೂ 12.14 ಎಕರೆ ಎಂದು ಗುಣಿಸಲಾರರು. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಅದು 12.35 ಎಕರೆಯೆಂದು ಅವರಿಗೆ ಗೊತ್ತು. ಹಾಗೆಯೇ ಸ್ಕ್ರಿಪ್ಟ್ 12.35 ಎಕರೆ ಎಂದು ಹೇಳಿದ್ದನ್ನು 12 ಎಕರೆ 35 ಗುಂಟೆಯೆಂದು ಅರ್ಜಿಯಲ್ಲಿ ಬರೆದು 21 ಗುಂಟೆಯನ್ನು ಗಾಳಿಯಿಂದ ಸೃಷ್ಟಿಸುವುದೂ ಉಂಟು.

ಡಿಗ್ರಿಯ ತಪ್ಪು ಮಾಡುವ ಅನಾಹುತ ಹೀಗೆ. ಒಂದು ಮಿನಿಟು ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ. ಅದನ್ನು ನೂರನೆಯ ಒಂದು ಭಾಗವೆಂದು ಓದಿದಾಗ ಪ್ರತಿ ಉದ್ದವೂ ಪ್ರತಿ ಅಗಲವೂ ಹತ್ತಕ್ಕೆ ಆರಾಗುತ್ತದೆ. ಉದ್ದ ಆರು, ಅಗಲ ಆರು ಗುಣಿಸಿದರೆ ವಿಸ್ತೀರ್ಣ ನೂರಕ್ಕೆ ಮೂವತ್ತಾರು. ಪಹಣಿಯಲ್ಲಿ 50 ಎಕರೆ ಇರುವ, ನೆಲದ ಮೇಲೆ ಒಂದು ಗುಂಟೆಯೂ ಹೋಗದೆ ಉಳಿದಿರುವ ಕೆರೆಯನ್ನು ಹೀಗೆ ಅಳೆದರೆ 18 ಎಕರೆ ಬರುತ್ತದೆ. ಕೆರೆಯನ್ನು ಅಳೆಯಲು ಹೊರಟವನ ಮನಸ್ಸಿನಲ್ಲಿ ಒತ್ತುವರಿಯ ಅನುಮಾನ ಮೊದಲೇ ಇರುತ್ತದೆ. 32 ಎಕರೆ ನುಂಗಿದ್ದಾರೆಂದು ಗಣಕವೇ ಹೇಳಿದಾಗ ಆತನು ಅದನ್ನು ಪರೀಕ್ಷಿಸುವ ಗೋಜಿಗೆ ಹೋಗುವನೇ? ತನಗೆ ಬೇಕಾದ ಉತ್ತರ ಕೊಡುವ ಲೆಕ್ಕವನ್ನು ಮನುಷ್ಯ ಎರಡನೆಯ ಸಲ ಹಾಕುವುದು ಅಪರೂಪ. ಪತ್ರಿಕಾ ಹೇಳಿಕೆ ಹೊರಡುತ್ತದೆ, ಕೆರೆಯ ಪಕ್ಕದ ಹೊಲದವರ ಹೆಸರುಗಳು ಬೀದಿಗೆ ಬರುತ್ತವೆ. ಬಳಿಕ ಸರ್ವೆಯರು ಬಂದು ಸರಪಳಿ ಹಿಡಿದ ದಿನ ಇಡೀ ಆರೋಪ ಬಿದ್ದುಹೋಗುತ್ತದೆ. ಅದರೊಂದಿಗೆ, ನಿಜವಾಗಿಯೂ ಒತ್ತುವರಿಯಾದ ಪಕ್ಕದೂರಿನ ಕೆರೆಯ ಮಾತನ್ನೂ ಯಾರೂ ಕೇಳುವುದಿಲ್ಲ.

ಈ ತಪ್ಪನ್ನು ಹಿಡಿಯುವ ದಾರಿಗಳಿವೆ. ಬಿಂದುಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಮದ್ದೂರಿನ ಕೆರೆ ಸುಮಾರು 26 ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಮಳವಳ್ಳಿಯ ಸೀಮೆಯಲ್ಲಿ ಬಿದ್ದಿರುತ್ತದೆ. ಎಕರೆಯನ್ನು ಮಾತ್ರ ನೋಡಿ ನಕ್ಷೆಯನ್ನು ನೋಡದವರಿಗೆ ಇದು ಕಾಣುವುದಿಲ್ಲ. ಇನ್ನೊಂದು ಗುರುತನ್ನು ಈ ತಾಲ್ಲೂಕಿಗೆ ಭೂಗೋಳವೇ ಕೊಟ್ಟಿದೆ. 77ನೆಯ ರೇಖಾಂಶ ಮಂಡ್ಯ ಮತ್ತು ಮದ್ದೂರು ಪಟ್ಟಣಗಳ ನಡುವೆ ಹಾದುಹೋಗುತ್ತದೆ; ಮಂಡ್ಯ ಅದರ ಪಶ್ಚಿಮಕ್ಕೆ, ಮದ್ದೂರು ಪೂರ್ವಕ್ಕೆ. ಆ ಗೆರೆಯನ್ನು ದಾಟುವ ನಾಲೆಯನ್ನೋ ದಾರಿಯನ್ನೋ ಅಳೆದಾಗ 76 ಡಿಗ್ರಿ 59.9 ಮಿನಿಟಿನಿಂದ 77 ಡಿಗ್ರಿ 0.1 ಮಿನಿಟಿಗೆ ಹೋಗುವುದು ನೆಲದ ಮೇಲೆ ಸುಮಾರು 360 ಮೀಟರ್, ಐದು ನಿಮಿಷದ ನಡಿಗೆ. ತಪ್ಪಿದ ಸ್ಕ್ರಿಪ್ಟ್ ಅದನ್ನು 76.599ರಿಂದ 77.001ಕ್ಕೆ ಎಂದು ಓದಿ ಸುಮಾರು 44 ಕಿಲೋಮೀಟರ್ ಹಾರಿಸುತ್ತದೆ. ಗೆರೆಯ ಒಂದೇ ಬದಿಯಲ್ಲಿರುವ ಕೆರೆಯಲ್ಲಿ ಅಡಗಿ ಕುಳಿತ ದೋಷ ಗೆರೆ ದಾಟಿದ ಕೂಡಲೇ ಕೂಗಿ ಹೇಳಿಕೊಳ್ಳುತ್ತದೆ. ಈ ದೃಷ್ಟಿಯಿಂದ ಮದ್ದೂರು ಸೀಮೆಯವರು ಅದೃಷ್ಟವಂತರು.

ಎಲ್ಲಕ್ಕಿಂತ ಸರಳವಾದ ಪರೀಕ್ಷೆ, ಗೊತ್ತಿರುವುದನ್ನು ಮೊದಲು ಅಳೆಯುವುದು. ಪೋಡಿಯಾಗಿ ನಕ್ಷೆಯಿರುವ, ವ್ಯಾಜ್ಯವಿಲ್ಲದ ಹೊಲವೊಂದನ್ನೋ ಶಾಲೆಯ ಮೈದಾನವನ್ನೋ ಹಗ್ಗ ಹಿಡಿದು ಅಳೆದು, ಅದೇ ಅಂಚಿನಲ್ಲಿ ಉಪಕರಣ ಹಿಡಿದು ನಡೆದು, ಸ್ಕ್ರಿಪ್ಟ್ ಏನು ಹೇಳುತ್ತದೆಂದು ನೋಡಬೇಕು. ಗುಂಟೆ ಎಂಬ ಅಳತೆಯೇ ಸರಪಳಿಯಿಂದ ಹುಟ್ಟಿದ್ದು. 33 ಅಡಿಯ ಸರಪಳಿ ಉದ್ದಕ್ಕೊಂದು, ಅಗಲಕ್ಕೊಂದು ಹಾಕಿದರೆ 1089 ಚದರ ಅಡಿ, ಅದೇ ಒಂದು ಗುಂಟೆ. ಮೀಟರಿನಲ್ಲಿ ಹೇಳುವುದಾದರೆ 101.17 ಚದರ ಮೀಟರ್. ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಭಾಗಿಸಬೇಕಾದ ಸಂಖ್ಯೆ ಇದು.

ಡಿಗ್ರಿಯನ್ನು ಮೀಟರಿಗೆ ತಿರುಗಿಸುವಾಗ ಇನ್ನೊಂದು ಎಡವಟ್ಟು. ಒಂದು ಡಿಗ್ರಿಗೆ 111 ಕಿಲೋಮೀಟರ್ ಎಂದು ಶಾಲೆಯಲ್ಲಿ ಕಲಿತದ್ದನ್ನು ಎರಡೂ ದಿಕ್ಕಿಗೆ ಹಾಕುವವರಿದ್ದಾರೆ. ಭೂಮಿ ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ. ಮದ್ದೂರಿನ ಅಕ್ಷಾಂಶದಲ್ಲಿ ಉತ್ತರ ದಕ್ಷಿಣದ ಡಿಗ್ರಿ ಸುಮಾರು 110.6 ಕಿಲೋಮೀಟರ್, ಪೂರ್ವ ಪಶ್ಚಿಮದ್ದು ಸುಮಾರು 108.7. ಎರಡಕ್ಕೂ 111 ಹಾಕಿದರೆ ನೂರು ಎಕರೆಗೆ ಎರಡೂವರೆ ಎಕರೆ ಹೆಚ್ಚು ಬರುತ್ತದೆ. ಹಳೆಯ ಸರ್ವೆ ನಕ್ಷೆಯ ಮೇಲೆ ಬಿಂದುಗಳನ್ನು ಕೂರಿಸುವವರು ಮತ್ತೊಂದನ್ನು ನೆನಪಿಡಬೇಕು. ಆ ನಕ್ಷೆಗಳು 1830ರಲ್ಲಿ ಜಾರ್ಜ್ ಎವರೆಸ್ಟ್ ನಿಗದಿ ಮಾಡಿದ ಭೂಮಿಯ ಆಕಾರವನ್ನು ಆಧರಿಸಿವೆ. ಜಿಪಿಎಸ್ ಬಳಸುವ ಆಕಾರ ಬೇರೆ. ಎರಡರ ನಡುವೆ ಇಲ್ಲಿ ನೂರು ಮೀಟರಿಗೂ ಮೀರಿದ ಸರಿತವಿದೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಬಳಿಕ ಹೊರತಂದ ಮುಕ್ತ ಸರಣಿಯ ನಕ್ಷೆಗಳಲ್ಲಿ ಈ ತೊಡಕಿಲ್ಲ.

ಇನ್ನು ಕಡತವನ್ನು ಇಳಿಸಿಕೊಳ್ಳುವ ಹಂತದ ಮಾತು. ಹಳೆಯ ಹಲವು ಉಪಕರಣಗಳಲ್ಲಿ ನಡೆದ ಜಾಡನ್ನು ಉಳಿಸು ಎಂದು ಗುಂಡಿ ಒತ್ತಿದರೆ ಅದು ಬಿಂದುಗಳನ್ನು ಜರಡಿ ಹಿಡಿದು ಕೆಲವನ್ನಷ್ಟೇ ಇಟ್ಟುಕೊಳ್ಳುತ್ತದೆ. ಪ್ರತಿ ಬಿಂದುವಿನ ಕಾಲವನ್ನೂ ಅಳಿಸಿಬಿಡುತ್ತದೆ. ಉಳಿಸಲು ಹೋಗಿ ಕಳೆದುಕೊಂಡಂತಾಯಿತು. ಉಳಿಸುವ ಮುನ್ನವೇ, ಚಾಲ್ತಿಯಲ್ಲಿರುವ ಜಾಡನ್ನು ಇದ್ದಂತೆಯೇ ಗಣಕಕ್ಕೆ ಇಳಿಸಿಕೊಳ್ಳಬೇಕು. ಕಾಲವಿಲ್ಲದ ಬಿಂದು ಸಾಕ್ಷಿಯಾಗಿ ದುರ್ಬಲ; ಸ್ಕ್ರಿಪ್ಟಿಗೂ ಅದರಿಂದ ತೊಂದರೆ. ಏಕೆಂದರೆ ಕೆಟ್ಟ ಬಿಂದುವನ್ನು ಹಿಡಿಯುವ ಉಪಾಯ ಕಾಲದಲ್ಲಿದೆ. ನಡೆಯುವ ಮನುಷ್ಯನ ವೇಗ ಗಂಟೆಗೆ ನಾಲ್ಕೈದು ಕಿಲೋಮೀಟರ್. ಎರಡು ಬಿಂದುಗಳ ನಡುವೆ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ವೇಗ ಕಂಡರೆ ಓಡಿದ್ದು ಮನುಷ್ಯನಲ್ಲ, ಸಂಕೇತ. ಹಾಗೆಯೇ ತೂಬಿನ ಬಳಿ ನಿಂತು ಹತ್ತು ನಿಮಿಷ ಮಾತನಾಡಿದರೆ ಬಿಂದುಗಳು ಅಲ್ಲಿ ನೂಲಿನ ಗಂಟಿನಂತೆ ಮುದ್ದೆಯಾಗುತ್ತವೆ, ಅವನ್ನು ಒಂದಾಗಿಸಬೇಕು. ಸ್ಕ್ರಿಪ್ಟ್ ಕೈಬಿಟ್ಟ ಬಿಂದುಗಳನ್ನು ಕಾರಣ ಸಹಿತ ಬೇರೊಂದು ಪಟ್ಟಿಯಲ್ಲಿ ಬರೆದಿಡುವಂತೆ ಮಾಡುವುದು ಎರಡು ಸಾಲಿನ ಕೆಲಸ. ಆ ಪಟ್ಟಿಯಿಲ್ಲದ ಲೆಕ್ಕವನ್ನು ಯಾರೂ ನಂಬಬೇಕಾಗಿಲ್ಲ.

ಕಾಲದ ವಿಷಯದಲ್ಲಿ ಎರಡು ಎಚ್ಚರಿಕೆ. ಕಡತದಲ್ಲಿರುವುದು ಗ್ರೀನ್‌ವಿಚ್ ಕಾಲ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳ ಗೂಡಿನ ಮರಗಳನ್ನು ಗುರುತಿಸಲು ಬೆಳಗಿನ ಐದೂಕಾಲಕ್ಕೆ ಹೊರಟವರ ಮೊದಲ ಬಿಂದು ಹಿಂದಿನ ದಿನದ ತಾರೀಖಿನಲ್ಲಿ ದಾಖಲಾಗಿರುತ್ತದೆ. ತಾರೀಖು ಹೊಂದದ ದಾಖಲೆಯನ್ನು ಹರಿದುಹಾಕಲು ವಕೀಲನೇ ಬೇಕಿಲ್ಲ. ಇನ್ನೊಂದು, ಜಿಪಿಎಸ್ ವಾರಗಳನ್ನು ಎಣಿಸುವ ಕ್ರಮ 1024ಕ್ಕೆ ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಹೀಗಾದ ಬಳಿಕ ಕೆಲವು ಹಳೆಯ ಉಪಕರಣಗಳು 1999ರ ಆಗಸ್ಟಿಗೆ ಹಿಂದಿರುಗಿ ಅಲ್ಲಿಂದ ಎಣಿಸುತ್ತಿವೆ. ಸ್ಥಾನ ಸರಿಯಾಗಿಯೇ ಇರುತ್ತದೆ, ತಾರೀಖು ಮಾತ್ರ ತಪ್ಪು. ಸ್ಕ್ರಿಪ್ಟಿನಲ್ಲಿ 7168 ದಿನ ಕೂಡಿಸಿದರೆ ಸರಿಹೋಗುತ್ತದೆ. ಹಾಗೆ ಕೂಡಿಸಲಾಗಿದೆಯೆಂದು ಅಲ್ಲಿಯೇ ಬರೆದಿರಬೇಕು.

ಇಷ್ಟೆಲ್ಲ ಸರಿಯಾದರೂ, ನಡೆದದ್ದು ಯಾವ ಗೆರೆಯ ಮೇಲೆ ಎಂಬುದನ್ನು ಯಾವ ಸ್ಕ್ರಿಪ್ಟೂ ಹೇಳಲಾರದು. ಕೆರೆಗೆ ಎಲ್ಲೆಗಳು ಮೂರು. ಅಂದು ನೀರು ನಿಂತ ಅಂಚು ಒಂದು. ಕೋಡಿ ಬೀಳುವಷ್ಟು ತುಂಬಿದಾಗ ನೀರು ಮುಟ್ಟುವ ಅಂಚು ಎರಡನೆಯದು. ಸರ್ವೆ ನಂಬರಿನ ಎಲ್ಲೆಕಲ್ಲುಗಳನ್ನು ಕೂಡಿಸುವ ಗೆರೆ ಮೂರನೆಯದು. ಬೇಸಿಗೆಯಲ್ಲಿ ನೀರಂಚಿನ ಮೇಲೆ ನಡೆದು ಬಂದ ಅಂಕಿಯನ್ನು ಪಹಣಿಯ ಅಂಕಿಯೊಂದಿಗೆ ಹೋಲಿಸಿದರೆ ಪ್ರತಿ ಕೆರೆಯೂ ಒತ್ತುವರಿಯಾದಂತೆಯೇ ಕಾಣುತ್ತದೆ. ಇದೂ ಮನಸ್ಸಿಗೆ ಹಿತವಾದ ತಪ್ಪುಗಳ ಜಾತಿಗೇ ಸೇರಿದ್ದು. ಎಲ್ಲೆಕಲ್ಲುಗಳು ಎಲ್ಲಿದ್ದವು, ಯಾವುದು ಕಿತ್ತುಹೋಯಿತು, ಯಾವುದು ಕಬ್ಬಿನ ಗದ್ದೆಯ ನಡುವೆ ಹೂತಿದೆ ಎಂಬುದನ್ನು ತಿಳಿದವರು ಊರಿನ ಹಿರಿಯರು. ಅವರನ್ನು ಕರೆದುಕೊಂಡು ನಡೆಯದೆ ಉಪಕರಣ ಹಿಡಿದು ಹೊರಡುವುದು, ಭಾಷೆ ಬಾರದ ಊರಿನಲ್ಲಿ ದುಭಾಷಿಯನ್ನು ಮನೆಯಲ್ಲಿ ಬಿಟ್ಟು ಹೊರಟಂತೆ. ನಡೆದ ಗೆರೆ ಯಾವುದೆಂದು ಕಡತದ ಹೆಸರಿನಲ್ಲಿಯೇ ಸೇರಿಸುವುದು ಒಳ್ಳೆಯದು: ಕೆರೆಯ ಸರ್ವೆ ನಂಬರು, ತಾರೀಖು, ನೀರಂಚೋ ಕೋಡಿಯಂಚೋ ಕಲ್ಲಿನ ಗೆರೆಯೋ, ಎಡಸುತ್ತೋ ಬಲಸುತ್ತೋ. ಬೇರೆ ಬೇರೆ ದಿನ ಮೂರು ಸುತ್ತು ಬಂದು, ಮೂರರ ಅಂಕಿಯನ್ನೂ ಬರೆಯಬೇಕು. ಚೆಂದವಾದದ್ದನ್ನು ಆರಿಸಿಕೊಳ್ಳುವಂತಿಲ್ಲ.

ಯಂತ್ರದ ಮಿತಿಯನ್ನೂ ಗುಂಟೆಯಲ್ಲಿಯೇ ತಿಳಿಯುವುದು ಲೇಸು. ಚೌಕಾಕಾರದ ಹತ್ತು ಎಕರೆಯ ಕಟ್ಟೆಯ ಸುತ್ತಳತೆ ಸುಮಾರು 800 ಮೀಟರ್. ನಡೆದ ಗೆರೆ ಉದ್ದಕ್ಕೂ ಮೂರು ಮೀಟರ್ ಹೊರಗೆ ಬಿದ್ದರೆ ವಿಸ್ತೀರ್ಣ 24 ಗುಂಟೆ ಹೆಚ್ಚುತ್ತದೆ. ಒಳಗೆ ಬಿದ್ದರೆ ಅಷ್ಟೇ ತಗ್ಗುತ್ತದೆ. ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಸರಿದಿದ್ದರೆ ವಿಸ್ತೀರ್ಣ ಕೆಡುವುದಿಲ್ಲ, ಅಲ್ಲೊಂದು ಇಲ್ಲೊಂದು ಆಚೀಚೆ ಬಿದ್ದವು ಬಹುಮಟ್ಟಿಗೆ ಪರಸ್ಪರ ತೀರಿಹೋಗುತ್ತವೆ. ಆದರೂ ಈ ಉಪಕರಣ ಹಿಡಿದು ಹತ್ತು ಎಕರೆಯ ಕಟ್ಟೆಯಲ್ಲಿ ಅರ್ಧ ಎಕರೆ ಹೋಗಿದೆ ಎಂದು ಆರೋಪಿಸಲಾಗದು. ಎರಡು ಮೂರು ಎಕರೆ ಹೋಗಿದ್ದರೆ ಧೈರ್ಯವಾಗಿ ಹೇಳಬಹುದು. ಮಲೆನಾಡಿನ ಓದುಗರು ತಮ್ಮ ಕಣಿವೆಗಳಿಗೆ ಈ ಅಂಕಿಯನ್ನು ಇನ್ನೂ ಸಡಿಲಿಸಿಕೊಳ್ಳಬೇಕು. ದಟ್ಟ ಮರಗಳ ಚಪ್ಪರದ ಕೆಳಗೆ, ಬಂಡೆಯ ಮಗ್ಗುಲಲ್ಲಿ ಸಂಕೇತ ಪುಟಿದು ಬಂದು ದೋಷ ಬಯಲಿನದಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ.

ತಂತ್ರಜ್ಞಾನದ ಸ್ಥಾನ ಯಾವುದೆಂಬುದನ್ನು ಕಾನೂನೂ ಒಂದೆಡೆ ಚೆನ್ನಾಗಿ ಹೇಳಿದೆ. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಿಗೆ 2012ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಉಪಗ್ರಹ ಚಿತ್ರ ಮೊದಲಾದ ತಾಂತ್ರಿಕ ಸಾಧನಗಳು ಇತರ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಬದಲಿಗೆ ಬರುವಂತಿಲ್ಲ. ಗುಜರಾತಿನಲ್ಲಿ ಆರ್ಚ್ ಸಂಸ್ಥೆ ಹಳ್ಳಿಯ ಯುವಕರಿಗೆ ಜಿಪಿಎಸ್ ಕಲಿಸಿ, ಅವರೇ ತಮ್ಮ ಹೊಲಗಳನ್ನು ಸುತ್ತಿ ಹಕ್ಕಿನ ಅರ್ಜಿಗೆ ನಕ್ಷೆ ಸೇರಿಸುವಂತೆ ಮಾಡಿದ್ದು ಇದೇ ಅರ್ಥದಲ್ಲಿ. ಇದಕ್ಕೆ ಎದುರಾದ ಅನುಭವವೂ ಪಶ್ಚಿಮ ಘಟ್ಟದವರಿಗೆ ಇದೆ. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರಗಳನ್ನು ಆಧರಿಸಿ ಹಳ್ಳಿಗಳನ್ನು ಪಟ್ಟಿಮಾಡಿದಾಗ, ಪಟ್ಟಿಗೆ ಸೇರಿದ ಹಳ್ಳಿಯ ರೈತನಿಗೆ ತನ್ನ ತೋಟ ಆ ಚಿತ್ರದಲ್ಲಿ ಏನಾಗಿ ಕಂಡಿತೆಂದು ತಾನೇ ಲೆಕ್ಕ ಹಾಕಿ ನೋಡುವ ದಾರಿ ಇರಲಿಲ್ಲ. ವರದಿಯ ಪರ ವಿರೋಧ ಏನೇ ಇರಲಿ, ಆ ಅಪನಂಬಿಕೆಯ ಬೇರುಗಳಲ್ಲಿ ಇದೂ ಒಂದು.

ಉಳಿದದ್ದು ಕಾಪಾಡುವ ಮತ್ತು ಒಪ್ಪಿಸುವ ಕೆಲಸ. ಉಪಕರಣದಿಂದ ಇಳಿಸಿದ ಮೂಲ ಕಡತವನ್ನು ಆ ದಿನವೇ ತಿದ್ದಲಾಗದಂತೆ ಬೀಗ ಹಾಕಿ, ಅದರ ಹ್ಯಾಶ್ ಸಂಖ್ಯೆಯನ್ನು ತೆಗೆಯಬೇಕು. ಹ್ಯಾಶ್ ಎಂದರೆ ಕಡತದ ಹೆಬ್ಬೆಟ್ಟಿನ ಗುರುತು. ಒಂದು ಅಂಕಿ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ವಿದ್ಯುನ್ಮಾನ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆ ಈ ಸಂಖ್ಯೆಯನ್ನೂ ಕೇಳುತ್ತದೆ. ಕಡತದ ಪ್ರತಿ ಒಂದೇ ಗಣಕದಲ್ಲಿ ಇರಬಾರದು. ಗಣಕ ಕೆಟ್ಟ ದಿನ ಕೆರೆಯೂ ಹೋದಂತೆ. ಇನ್ನೊಂದು ಪ್ರತಿ ಗ್ರಾಮದಲ್ಲಿ, ಮತ್ತೊಂದು ದೂರದ ಸ್ನೇಹಿತರ ಬಳಿ ಇರಲಿ. ಸ್ಕ್ರಿಪ್ಟನ್ನು ಕಾಗದದ ಮೇಲೂ ಮುದ್ರಿಸಿ, ಪ್ರತಿ ಸಾಲು ಏನು ಮಾಡುತ್ತದೆಂದು ಎದುರಿಗೆ ಕನ್ನಡದಲ್ಲಿ ಬರೆದಿಟ್ಟರೆ ಗಣಕ ತಿಳಿಯದವರೂ ಲೆಕ್ಕದ ಕ್ರಮವನ್ನು ಪ್ರಶ್ನಿಸಬಹುದು.

ಇವೆಲ್ಲವನ್ನೂ ಹಿಡಿದು ಹೋಗಬೇಕಾದ ಜಾಗ ತಾಲ್ಲೂಕು ಕಚೇರಿ. ಎಲ್ಲೆಯನ್ನು ಗೊತ್ತುಪಡಿಸುವ ಅಧಿಕಾರ ಭೂಮಾಪನ ಇಲಾಖೆಯದು. ಊರಿನವರ ನಡಿಗೆ ಆ ಅಳತೆಯ ಬದಲಿಗೆ ಬರುವುದಿಲ್ಲ, ಅದನ್ನು ಕೇಳಲು ಕಾರಣ ಒದಗಿಸುತ್ತದೆ. ಅರ್ಜಿಯಲ್ಲಿ ಯಾರ ಹೆಸರನ್ನೂ ಆರೋಪಿಯಾಗಿ ಬರೆಯುವ ಅಗತ್ಯವಿಲ್ಲ. ಪಹಣಿಯಲ್ಲಿ ಇಷ್ಟು, ಕಲ್ಲಿನ ಗೆರೆಯಲ್ಲಿ ಮೂರು ಸುತ್ತಿನ ಅಳತೆ ಇಷ್ಟಿಷ್ಟು, ದೋಷದ ಮಿತಿ ಇಷ್ಟು ಗುಂಟೆ, ಆದುದರಿಂದ ಊರಿನವರ ಸಮಕ್ಷಮ ಅಳತೆ ಮಾಡಿ ಎಲ್ಲೆಕಲ್ಲು ನೆಡಿಸಬೇಕು ಎಂದಿಷ್ಟೇ ಸಾಕು. ಜೊತೆಗೆ ಆಕಾರಬಂದ್ ಮತ್ತು ಗ್ರಾಮನಕ್ಷೆಯ ಪ್ರತಿ, ಮುದ್ರಿತ ಸ್ಕ್ರಿಪ್ಟ್, ಕೈಬಿಟ್ಟ ಬಿಂದುಗಳ ಪಟ್ಟಿ, ಕಡತವಿರುವ ಪೆನ್‌ಡ್ರೈವ್. ನಡೆದವರೊಂದಿಗೆ ಎಲ್ಲೆ ತೋರಿಸಿದ ಹಿರಿಯರೂ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿರಬೇಕು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಕಚೇರಿಯ ಮುದ್ರೆ, ತಾರೀಖು, ಸ್ವೀಕರಿಸಿದವರ ಸಹಿ ಹಾಕಿಸಿಕೊಂಡು ಬರುವುದನ್ನು ಮರೆಯಬಾರದು.